ಮಗ್ಗದ ನಿಮಿಷ

ನೀರು ಇನ್ನೂ ತಣಿದಿರಲಿಲ್ಲ. ರಾಜಕುಮಾರನಿಗೆ ಆ ಮಧ್ಯಾಹ್ನ ಸಿಟ್ಟಿಗೇಳಲು ಅಷ್ಟೇ ಸಾಕಾಗಿತ್ತು. ಬೆಳಿಗ್ಗೆಯೇ ಮಣ್ಣಿನ ಹರವಿಯಲ್ಲಿ ತುಂಬಿಟ್ಟು, ಸುತ್ತಲೂ ಹಸಿ ಗೋಣಿಚೀಲ ಹೊದಿಸಿ, ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯಿಂದ ಮಂಜುಗಡ್ಡೆಯ ಒಂದು ತುಂಡನ್ನೂ ತಂದು ಹಾಕಿದ್ದ. ಉಷ್ಣಮಾಪಕದ ಪಾದರಸ ಮಾತ್ರ ಇಪ್ಪತ್ತಾರರ ಮೇಲೆ ಹಟ ಹಿಡಿದು ಕೂತಿತ್ತು. ಇಪ್ಪತ್ತನಾಲ್ಕಕ್ಕೆ ಇಳಿಯಬೇಕು, ಇಳಿದರೆ ಎಂಟು ನಿಮಿಷಕ್ಕೆ ಫಿಲ್ಮು ಸರಿಯಾಗಿ ತೊಳೆದು ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಇಳಕಲ್ಲಿನ ನೀರು ತಣ್ಣಗಾಗಲೆಂದು ಕಾಯುವವನು ಮೂರ್ಖನೇ ಸರಿ, ಆದರೆ ಇವತ್ತು ಅವನಿಗೆ ಮೂರ್ಖನಾಗುವಷ್ಟು ಹೊತ್ತೂ ಇರಲಿಲ್ಲ. ನಾಲ್ಕು ಗಂಟೆಗೆ ಸೋದರಮಾವ ಗುರಲಿಂಗಪ್ಪ ಬಾದಾಮಿಯ ಬೀಗರ ಕಡೆಯ ಹಿರಿಯನೊಬ್ಬನನ್ನು ಕರೆದುಕೊಂಡು ಬರುವವನಿದ್ದ, ರಾಜಿ ಮಾಡಿಸಲಿಕ್ಕೆ. ಅಷ್ಟರೊಳಗೆ, ತಂಗಿ ಚೇತನಾಳ ಬೆನ್ನಿನ ಮೇಲೆ ಅವಳ ಗಂಡ ಬೆಲ್ಟಿನಿಂದ ಹೊಡೆದ ಬಾಸುಂಡೆಗಳು ಈ ಫಿಲ್ಮಿನಲ್ಲಿ ಮೂಡಿವೆಯೋ ಇಲ್ಲವೋ ಗೊತ್ತಾಗಬೇಕಿತ್ತು. ಮೂಡಿದ್ದರೆ ಹುನಗುಂದದ ಕೋರ್ಟು. ಮೂಡದಿದ್ದರೆ ಗುರಲಿಂಗಪ್ಪನ ಬಾಯಿಮಾತು, ನಾಳೆ ಬೆಳಗಿನ ಬಾದಾಮಿ ಬಸ್ಸು.

ಇನ್ನೊಮ್ಮೆ ತೆಗೆಯೋಣವೆಂದರೆ ಆಗುವಂತಿರಲಿಲ್ಲ. ಅವಳು ಬಂದು ಆರು ದಿನವಾಗಿತ್ತು. ಫೋಟೋ ತೆಗೆದ ದಿನ ನೀಲಿಗಟ್ಟಿದ್ದ ಗುರುತುಗಳು ಈಗ ಅರಿಸಿನದ ಬಣ್ಣಕ್ಕೆ ತಿರುಗಿದ್ದವೆಂದು ಅವ್ವ ರತ್ನವ್ವನೇ ಬೆಳಿಗ್ಗೆ ಹೇಳಿದ್ದಳು, ಅದೂ ದೊಡ್ಡ ಶುಭವಾರ್ತೆ ಹೇಳುವ ದನಿಯಲ್ಲಿ. ಕಲರ್ ರೋಲಿನಲ್ಲಿ ತೆಗೆದು ಬಾಗಲಕೋಟೆಯ ಲ್ಯಾಬಿಗೆ ಒಯ್ದಿದ್ದರೆ ಗಂಟೆಯೊಳಗೆ ಕೆಲಸ ಮುಗಿಯುತ್ತಿತ್ತು. ಎರಡು ಸಾವಿರದ ಇಸವಿಯಲ್ಲಿ ಬಚ್ಚಲಲ್ಲಿ ಕೂತು ಕಪ್ಪು-ಬಿಳುಪು ಫಿಲ್ಮು ತೊಳೆಯುವವನು ಇಡೀ ಜಿಲ್ಲೆಯಲ್ಲಿ ತಾನೊಬ್ಬನೇ ಇರಬಹುದು ಎಂದು ಅವನಿಗೂ ಗೊತ್ತಿತ್ತು. ಆದರೆ ಲ್ಯಾಬಿನ ಮಶೀನಿನ ಬಾಯಿಯಿಂದ ಒಂದೊಂದೇ ಪ್ರಿಂಟು ಜಾರಿ ಬೀಳುವಾಗ ಅಲ್ಲಿ ನಿಂತವರು ಏನು ಮಾಡುತ್ತಾರೆ ಎಂಬುದೂ ಗೊತ್ತಿತ್ತು. ಯಾರದೋ ಹೊಸ ಮದುವೆಯ ಜೋಡಿ ಊಟಿಗೆ ಹೋಗಿ ತೆಗೆದುಕೊಂಡ ಚಿತ್ರಗಳನ್ನು ನೋಡಿ ನಕ್ಕವರಲ್ಲಿ ತಾನೂ ಒಬ್ಬನಾಗಿದ್ದನಲ್ಲ.  ಹಾಗಾಗಿ ಸ್ಟುಡಿಯೋದ ಕಪಾಟಿನಲ್ಲಿ ಉಳಿದಿದ್ದ ಹಳೆಯ ಕಪ್ಪು-ಬಿಳುಪು ರೋಲನ್ನು ಹುಡುಕಿ, ಎಂಟು ಚಿತ್ರ ತೆಗೆದು, ಈಗ ಕೌದಿಯ ಹೊದಿಕೆಯೊಳಗೆ ಎರಡೂ ಕೈ ತೂರಿಸಿ ಕತ್ತಲಲ್ಲೇ ಅದನ್ನು ಸುರುಳಿಗೆ ಸುತ್ತಿ, ಬೆಳಕು ನುಗ್ಗದ ಕರಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದ. ಇನ್ನು ಔಷಧ ಸುರಿಯುವುದೊಂದೇ ಬಾಕಿ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಇನ್ನೊಮ್ಮೆ ಉಷ್ಣಮಾಪಕ ಅದ್ದಿದ. ಇಪ್ಪತ್ತೈದು. ಗೋಡೆಯಾಚೆ ರತ್ನವ್ವನ ಮಗ್ಗ ಬಡಿಯುತ್ತಿತ್ತು. ಬಚ್ಚಲಿನ ಹೊರಗಿನ ಮೆಟ್ಟಿಲ ಮೇಲೆ ಚೇತನಾ ಬಾಗಿಲಿಗೆ ಬೆನ್ನು ತಾಗದಂತೆ ಮುಂದಕ್ಕೆ ಬಾಗಿ ಕೂತಿದ್ದಳು. ಮದುವೆಗೆ ಮುಂಚೆ ಔಷಧ ಕಲಸಿ ಕೊಡುವವಳೂ ಅವಳೇ, ಸೋಸುವವಳೂ ಅವಳೇ. ಇವತ್ತು ಕೂಡ "ನಾ ಕಲಸ್ಲೇನು?" ಎಂದು ಕೇಳಿದ್ದಳು. "ಬ್ಯಾಡ, ನೀ ಸುಮ್ನ ಕೂಡು" ಎಂದಿದ್ದ. ಬೇಡವೆಂದದ್ದು ಅವಳ ಮೇಲಿನ ಕರುಣೆಯಿಂದಲೆಂದು ಅವನು ನಂಬಿಕೊಂಡಿದ್ದ. ಅವಳು ಎದುರಿಗೆ ಕೂತು ಅವನ ಕೈಗಳನ್ನೇ ನೋಡುವುದು ಬೇಡವಾಗಿತ್ತು ಎನ್ನುವುದೇ ಹೆಚ್ಚು ನಿಜ.

ಈ ಕೆಲಸದಲ್ಲಿ ಇರುವುದೆಲ್ಲ ಕೈಯೇ. ಔಷಧವನ್ನು ಯಾರು ಬೇಕಾದರೂ ಸುರಿಯಬಹುದು. ಡಬ್ಬಿಯನ್ನು ಎಷ್ಟು ಹೊತ್ತಿಗೊಮ್ಮೆ, ಎಷ್ಟು ಸಲ, ಎಷ್ಟು ಮೆತ್ತಗೆ ಬೋರಲು ಹಾಕಿ ನೆಟ್ಟಗಿಡಬೇಕು ಎನ್ನುವುದರಲ್ಲಿ ಚಿತ್ರದ ಹಣೆಬರಹ. ಬಾಗಲಕೋಟೆಯ ಹಳೇ ಊರಿನಲ್ಲಿ ಅವನಿಗೆ ಇದನ್ನು ಕಲಿಸಿದ ಅನಂತರಾಯರು ಡಬ್ಬಿಯನ್ನು ಹೆಚ್ಚು ಮುಟ್ಟುತ್ತಲೇ ಇರಲಿಲ್ಲ. ಬಾದಾಮಿಯ ಗುಹೆಗಳ ಒಳಗೆ ತೆಗೆದ ಚಿತ್ರಗಳಿಗೆ ತೆಳು ಔಷಧ ಸುರಿದು, ಮೊದಲು ಒಂದೆರಡು ಸಲ ಅಲುಗಿಸಿ, ಮುಂದೆ ಒಂದು ತಾಸು ಮೂಲೆಯಲ್ಲಿಟ್ಟು ಪೂಜೆಗೆ ಕೂರುವರು. ಪಕ್ಕದ ಸ್ಟುಡಿಯೋದವನು ಮಜ್ಜಿಗೆ ಕಡೆದಂತೆ ಬಿಡದೆ ತಿರುಗಿಸುವನು. ಅವನ ಫಿಲ್ಮಿನ ಅಂಚಿನ ತೂತುಗಳಿಂದ ಔಷಧ ಚಿಮ್ಮಿ ಚಿತ್ರದ ತುಂಬ ಗೀರುಗಳೇಳುತ್ತಿದ್ದವು. "ಔಷಧಾನೂ ದಣೀತದೋ" ಎನ್ನುವರು ರಾಯರು. "ದಣದದ್ದನ್ನ ಸರಸಿ ಹೊಸಾದಕ್ಕ ಜಾಗಾ ಮಾಡಿಕೊಡೋದಷ್ಟ ನಿನ್ನ ಕೆಲಸ. ಸಿಟ್ಟಿಲೇ ಬಂದ್ರ ಡಬ್ಬಿ ಮುಟ್ಟಬ್ಯಾಡ, ಅದು ಫಿಲ್ಮಿನ್ಯಾಗ ಕಾಣ್ತದ." ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ರಾಯರ ಸ್ಟುಡಿಯೋ ಎತ್ತಂಗಡಿಯಾಯಿತು, ಅವನು ಇಳಕಲ್ಲಿಗೆ ಮರಳಿ ನಿಮಿಷಕ್ಕೊಮ್ಮೆ ನಾಲ್ಕು ಸಲ ಬೋರಲು ಹಾಕುವ ತನ್ನದೇ ನಡುದಾರಿ ಹಿಡಿದ. ನಿಮಿಷ ಅಳೆಯಲು ಗಡಿಯಾರವನ್ನೂ ಇಟ್ಟುಕೊಳ್ಳಲಿಲ್ಲ. ಗೋಡೆಯಾಚೆ ಅವ್ವನ ಮಗ್ಗವಿತ್ತು. ನಿಮಿಷಕ್ಕೆ ನಲವತ್ತು ಏಟು, ಮೂವತ್ತು ವರ್ಷಗಳಿಂದ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಲವತ್ತಕ್ಕೊಮ್ಮೆ ಡಬ್ಬಿ ತಿರುಗಿಸುವುದು, ಎಂಟು ನಲವತ್ತಾದ ಮೇಲೆ ಔಷಧ ಚೆಲ್ಲುವುದು. ಇದನ್ನು ಅವನು ಗಿರಾಕಿಗಳ ಮುಂದೆ ಜಂಬದಿಂದ ಹೇಳಿಕೊಳ್ಳುತ್ತಿದ್ದ. ತಮ್ಮ ಮನೆಯ ಮಗ್ಗ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ.

ಇಪ್ಪತ್ತನಾಲ್ಕು. ಆ ನೀರಿಗೆ ಔಷಧ ಕಲಸಿ ಡಬ್ಬಿಗೆ ಸುರಿದ. ಮುಚ್ಚಳದ ಮೇಲೆ ಅಂಗೈಯಿಟ್ಟು ಬೋರಲು, ನೆಟ್ಟಗೆ, ಬೋರಲು, ನೆಟ್ಟಗೆ. ಗುಳ್ಳೆಗಳು ಬಿಡಲೆಂದು ಕಲ್ಲಿಗೆ ಎರಡು ಸಲ ಕುಟ್ಟಿದ. ಕುಟ್ಟಿದ್ದು ತುಸು ಜೋರಾಯಿತು. ಹೊರಗೆ ಚೇತನಾ ಬೆಚ್ಚಿಬಿದ್ದದ್ದು ಬಾಗಿಲ ಸಂದಿಯಲ್ಲಿ ಕಂಡಿತು. ಸುಮ್ಮನೆ ಒಂದು ಡಬ್ಬಿ ಕುಟ್ಟಿದ ಸಪ್ಪಳಕ್ಕೆ ಬೆಚ್ಚಿಬೀಳುವಂತೆ ಅವಳನ್ನು ಮಾಡಿಟ್ಟವನ ಹೆಸರು ಅವನ ನಾಲಿಗೆಯ ತುದಿಗೆ ಬಂದು, ಉಗುಳಾಗಿ ಮೋರಿಗೆ ಬಿತ್ತು. ಹತ್ತು, ಹನ್ನೊಂದು, ಹನ್ನೆರಡು. ಮಗ್ಗ ಬಡಿಯುತ್ತಿತ್ತು. ಅವನು ತಲೆ ತಗ್ಗಿಸಿ ಎಣಿಸುತ್ತ ಹೋದ.

ಫೋಟೋ ತೆಗೆದದ್ದು ಮಗ್ಗದ ಕೋಣೆಯ ಕಿಟಕಿಯ ಬಳಿ. ಪಕ್ಕದಿಂದ ಬೀಳುವ ಬೆಳಕು ಮನೆಯಲ್ಲಿ ಅಲ್ಲೊಂದೇ ಕಡೆ. ರತ್ನವ್ವ ಮುಂದೆ ನಿಂತು ಮಗಳ ಎದೆಗೆ ಸೀರೆ ಒತ್ತಿ ಹಿಡಿದಿದ್ದಳು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು. ಗುರುತು ಎಷ್ಟುದ್ದ ಇದೆಯೆಂದು ತಿಳಿಯಲು ಪಕ್ಕದಲ್ಲಿ ಅಳತೆಗೋಲು ಇಡಬೇಕೆಂದು ವಕೀಲರು ಹೇಳಿದ್ದರಿಂದ, ಸೀರೆ ಅಳೆಯುವ ಗಜಕಡ್ಡಿಯನ್ನೇ ತಂದು ಇಟ್ಟದ್ದಾಯಿತು. ಕ್ಯಾಮೆರಾದೊಳಗೆ ಕಣ್ಣಿಟ್ಟ ಕೂಡಲೇ ಅವನಿಗೆ ಹಗುರವಾಯಿತು. ಅಲ್ಲಿ ತಂಗಿ ಇರಲಿಲ್ಲ, ಬರೀ ಬೆಳಕು, ನೆರಳು, ಅಂಚು. ರೂಢಿಯ ಬಾಯಿ ರೂಢಿಯ ಮಾತಾಡಿತು: "ಭುಜ ಸಡ್ಲ ಬಿಡು. ಗದ್ದ ಸ್ವಲ್ಪ ಮ್ಯಾಲ. ಅಲುಗಾಡಬ್ಯಾಡ." ಆಗ ಅವಳು ಕ್ಯಾಮೆರಾದ ಕಟಕಟ ಕೇಳಿ, ತಿರುಗದೆಯೇ ಹೇಳಿದಳು: "ನಾ ಅಲುಗಾಡಾಕತ್ತಿಲ್ಲ. ನಿನ್ನ ಕೈ ಅಲುಗಾಡಾಕತ್ತಾವ." ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಕೇಳಿಕೊಳ್ಳಲಿಲ್ಲ. ಅವ್ವನ ಮೇಲೆ ತಿರುಗಿಸಿದ. ಸೀರೆ ಸರಿಯಾಗಿ ಹಿಡಿ ಎಂದು ಬೈದ. ನಲವತ್ತು. ಡಬ್ಬಿ ಎತ್ತಿ ನಾಲ್ಕು ಸಲ ತಿರುಗಿಸಿದ.

ಅವ್ವನೇನು ಕಲ್ಲೆದೆಯವಳಲ್ಲ. ಮಗಳು ಬಂದ ಮರುದಿನವೇ ಅವಳನ್ನು ಮಗ್ಗದ ಮುಂದೆ ಕೊಂಡಿ ಹಾಕಲು ಕೂಡಿಸಿದ್ದಳು. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸುವ ಆ ಕೆಲಸಕ್ಕೆ ಇಬ್ಬರು ಎದುರುಬದುರು ಕೂರಬೇಕು, ಸಾವಿರಾರು ಎಳೆ, ಒಂದು ತಪ್ಪಿದರೂ ಸೆರಗು ಕೆಡುತ್ತದೆ. ಮೂರು ತಾಸು ಹಿಡಿಯಿತು. ಮುಗಿದ ಮೇಲೆ ರತ್ನವ್ವ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಮಗಳ ಬೆನ್ನಿಗೆ ಸವರಿದಳು. ಸವರುತ್ತಲೇ ಹೇಳಿದಳು: "ಬೆನ್ನಿನ ಫೋಟೋ ತಗದು ಕೋರ್ಟಿನ್ಯಾಗ ಮಂದಿ ಕೈಗೆ ಕೊಡ್ತೀರೇನು? ಅವಂಗೇನು, ಗಂಡಸು, ಇನ್ನೊಂದು ಮಾಡ್ಕೋತಾನ. ಇಕೀ ಎಲ್ಲಿ ಹೋಗ್ಬೇಕು?" ಚೇತನಾ "ನಾ ಎಲ್ಲೂ ಹೋಗಂಗಿಲ್ಲ. ಇಲ್ಲೇ ಕೊಂಡಿ ಹಾಕ್ತೇನಿ" ಎಂದಳು. ಇವತ್ತು ಊಟದ ಹೊತ್ತಿಗೂ ಇದೇ ಮಾತು ಬಂದು, ಅವ್ವ ತಾಟು ಸರಿಸಿ ಎದ್ದು, ಕೈ ಕೂಡ ಸರಿಯಾಗಿ ಒರೆಸಿಕೊಳ್ಳದೆ ಮಗ್ಗದ ಕುಣಿಗೆ ಇಳಿದಿದ್ದಳು. ಹಲಗೆ ಎಳೆದು ಹೊಡೆಯುವ ಒಂದೊಂದು ಏಟೂ ಗೋಡೆಯೊಳಗಿಂದ ಬಂದು ಅವನ ಮೊಣಕಾಲಿಗೆ ತಾಗುತ್ತಿತ್ತು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಎರಡನೆಯ ನಿಮಿಷ ಬೇಗ ಬಂತಲ್ಲ ಎನಿಸಿತು. ತಿರುಗಿಸಿದ.

ಹುನಗುಂದದಲ್ಲಿ ವಕೀಲ ಮಿಲಿಂದರು ತಂಪಾದ ಮನುಷ್ಯ. ಕೋರ್ಟಿನ ಎದುರಿನ ಅವರ ಕೋಣೆಯಲ್ಲಿ ಪಂಖದ ಕೆಳಗೆ ಚೇತನಾಳನ್ನು ಕೂಡಿಸಿ, ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಬರೆದುಕೊಂಡಿದ್ದರು. ಆಮೇಲೆ ಅವಳನ್ನು ಹೊರಗೆ ನೀರು ಕುಡಿಯಲು ಕಳಿಸಿ ಅವನ ಕಡೆ ತಿರುಗಿದ್ದರು. "ಫೋಟೋ ತಗೀರಿ. ಆದ್ರ ಬರೇ ಫೋಟೋ ಇಟ್ರ ಆಗೂದಿಲ್ರಿ. ತಗದಾವ್ರು ಯಾರು, ತೊಳದಾವ್ರು ಯಾರು ಅಂತ ಕೇಳ್ತಾರ. ನೀವ ಕಟಕಟಿಗೆ ಬಂದು ಹೇಳ್ಬೇಕಾಗ್ತದ." ಬರುತ್ತೇನೆ, ಬರದೆ ಏನು ಎಂದು ಅವನು ಎದೆಯುಬ್ಬಿಸಿದ್ದ. ವಕೀಲರು ಪೆನ್ನಿನ ಟೊಪ್ಪಿಗೆ ಹಾಕಿ ತೆಗೆದು ಹಾಕಿ ತೆಗೆದು ಮಾಡಿದರು. "ಅವರ ವಕೀಲ ನಿಮ್ಮನ್ನ ಸುಮ್ನ ಬಿಡೂದಿಲ್ಲ. ಹೋದ ವರ್ಷ ತಂಗಿ ಹಿಂಗ ಬಂದಿದ್ಲೋ ಇಲ್ಲೋ, ಗುರುತು ನೋಡಿದ್ರೋ ಇಲ್ಲೋ, ನೋಡಿ ಏನು ಮಾಡಿದ್ರಿ, ಎಲ್ಲಾ ಕೇಳ್ತಾನ. ಖರೆ ಹೇಳ್ಬೇಕಾಗ್ತದ. ನಿಮ್ಮ ತಂಗಿ ಹೇಳಿದ್ದನ್ನ ನಾ ಬರಕೊಂಡೇನಿ." ಅದನ್ನೂ ಅವಳು ಹೇಳಿಬಿಟ್ಟಿದ್ದಳು. ಅವನ ಎದುರಿಗೇ ಹೇಳಿದ್ದಳು, ಅವನು ಕೇಳಿಸಿಕೊಂಡೂ ಇದ್ದ. ಆದರೆ ಅದು ಹಾಳೆಯ ಮೇಲೆ ಇಳಿದಿದೆ ಎಂಬುದು ಆಗ ತಟ್ಟಿತು. ವಾಪಸು ಬರುವ ಬಸ್ಸಿನಲ್ಲಿ ಅವನು ಕಂಡಕ್ಟರನ ಸಂಗಡ ಜಗಳ ತೆಗೆದ. ಪಕ್ಕದ ಸೀಟಿನವನು ಕಾಲು ಚಾಚಿದ್ದಕ್ಕೆ ಬೈದ. ಅಣ್ಣನಿಗೆ ಎಂಥಾ ಸಂಕಟ ಎಂದು ಚೇತನಾಳಿಗೆ ಅನಿಸಿರಬೇಕು ಎಂದು ಲೆಕ್ಕ ಹಾಕಿ, ಆಮೇಲೆ ಅವಳ ಮುಖ ನೋಡಿದ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನಲವತ್ತು.

ಮಗ್ಗ ಜೋರಾಗಿ ನಡೆಯುತ್ತಿದೆ ಎಂಬುದು ಅವನಿಗೆ ಈ ಮೂರನೆಯ ಸರದಿಗೇ ಗೊತ್ತಾಗಿತ್ತು. ಹುಟ್ಟಿದಂದಿನಿಂದ ಕೇಳಿದ ಸಪ್ಪಳ. ನಿದ್ದೆಯಲ್ಲಿ ಏಟು ತಪ್ಪಿದರೂ ಕಣ್ಣು ಬಿಡುವವನು. ಅವ್ವ ಸಿಟ್ಟಿನಲ್ಲಿ ಹೊಡೆಯುತ್ತಿದ್ದಾಳೆ, ನಲವತ್ತಲ್ಲ, ಅರವತ್ತು ಇರಬೇಕು. ಈ ಲೆಕ್ಕದಲ್ಲಿ ಎಂಟು ನಿಮಿಷವೆಂದರೆ ಐದೂಕಾಲು. ಐದೂಕಾಲು ನಿಮಿಷಕ್ಕೇ ಔಷಧ ಚೆಲ್ಲಿದರೆ ಫಿಲ್ಮು ತೆಳ್ಳಗೆ ಬರುತ್ತದೆ. ನೆರಳೂ ಗಾಯವೂ ಚರ್ಮವೂ ಒಂದೇ ಬೂದಿಯಾಗಿ ಕಲಸಿಹೋಗುತ್ತವೆ. ಇಷ್ಟೆಲ್ಲ ಅವನ ತಲೆಯಲ್ಲಿ ಒಂದೇ ಗಳಿಗೆಗೆ ಸ್ಪಷ್ಟವಾಗಿ ಮೂಡಿತು. ಎದ್ದು ಹೋಗಿ ಪಡಸಾಲೆಯ ಗಡಿಯಾರ ನೋಡಬೇಕು ಅನ್ನಿಸಿತು. ಎದ್ದೇಳಲಿಲ್ಲ. ಒಂದು, ಎರಡು, ಮೂರು ಎಂದು ಮಗ್ಗದ ಹಿಂದೆಯೇ ಎಣಿಸುತ್ತ ಕೂತ. ಹಾಳಾಗಿ ಹೋದರೆ ಯಾರ ತಪ್ಪು? ನೀರು ಬಿಸಿ ಇತ್ತು. ರೋಲು ಹಳೆಯದು. ಅವ್ವನ ಮಗ್ಗ. ಹಾಳಾದರೆ ಕಟಕಟೆಯೂ ಇಲ್ಲ, ಕರಿಕೋಟಿನವನ ಪ್ರಶ್ನೆಯೂ ಇಲ್ಲ. ಬಾದಾಮಿಯವನಿಗೆ ಬೈದುಕೊಂಡು, ಗುರಲಿಂಗಪ್ಪನ ಮೇಲೆ ಎಗರಾಡಿ, ಫಿಲ್ಮು ಹಾಳಾಯಿತಲ್ಲ ಎಂದು ಹಣೆ ಹಣೆ ಬಡಿದುಕೊಂಡು, ಒಳ್ಳೆಯ ಅಣ್ಣನಾಗಿಯೇ ಉಳಿಯಬಹುದು. ಈ ಯೋಚನೆ ಬಂದದ್ದಕ್ಕೆ ಅವನಿಗೆ ಇನ್ನೂ ಸಿಟ್ಟು ಬಂತು, ಆದರೆ ಯೋಚನೆ ಹೋಗಲಿಲ್ಲ. ನಾಲ್ಕನೆಯ ಸರದಿ. ಬೋರಲು, ನೆಟ್ಟಗೆ. ಕೈ ಈಗ ನಡುಗುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೋದ ವರ್ಷ ಅವಳು ಬಂದದ್ದು ಹಗಲಿನಲ್ಲೇ, ಕೈಚೀಲ ಹಿಡಿದುಕೊಂಡು, ನೆರೆಮನೆಯವರು ಕೇಳಿದ್ದಕ್ಕೆ ಅವ್ವನ್ನ ನೋಡಬೇಕೆನಿಸಿತು ಎಂದು ನಗುತ್ತ ಹೇಳಿಕೊಂಡು. ನೇರವಾಗಿ ಸ್ಟುಡಿಯೋಕ್ಕೆ ಬಂದಿದ್ದಳು. ಗಿರಾಕಿ ಯಾರೂ ಇರಲಿಲ್ಲ. ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತು, ಕುಪ್ಪಸದ ತೋಳು ಮೇಲೆ ಸರಿಸಿ, ಮೊಣಕೈಯಿಂದ ಭುಜದವರೆಗೆ ತೋರಿಸಿದಳು. "ಅಣ್ಣಾ, ಇದರ್ದು ಒಂದ ಫೋಟೋ ತಗದಿಡು" ಎಂದಳು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆಯೇ ಇತ್ತು. ದೀಪದ ಗುಂಡಿ ಒತ್ತಿದ್ದರೆ ಸಾಕಿತ್ತು. "ಹುಚ್ಚಿ, ಇಂಥಾದ್ದಕ್ಕ ಯಾರರ ಫೋಟೋ ತಗಸ್ತಾರೇನು" ಎಂದು ನಕ್ಕಿದ್ದ. ಹೌದು, ನಕ್ಕಿದ್ದ. ಆಗ ಸ್ಟುಡಿಯೋದ ಮೇಲಂತಸ್ತು ಕಟ್ಟಿಸುತ್ತಿದ್ದ. ಮದುವೆಯ ಹಂಗಾಮು ಎದುರಿಗಿತ್ತು. ತಂಗಿ ಗಂಡನ ಮನೆ ಬಿಟ್ಟು ಬಂದಿದ್ದಾಳೆಂಬ ಮಾತು ಹಬ್ಬಿದರೆ ಮದುವೆಯ ಫೋಟೋಕ್ಕೆ ಕರೆಯುವ ಮನೆಗಳವರು ಮೂಗು ಮುರಿಯುತ್ತಾರೆಂದು ಗುರಲಿಂಗಪ್ಪ ಹೇಳುವ ಮೊದಲೇ ತನಗೇ ಹೊಳೆದಿತ್ತು. ಮರುದಿನ ತಾನೇ ಅವಳ ಸಂಗಡ ಅಮೀನಗಡದವರೆಗೆ ಹೋಗಿ, ಅವಳ ಗಂಡನಿಗೆಂದು ಕರದಂಟಿನ ಸಿಹಿಪೊಟ್ಟಣ ಕಟ್ಟಿಸಿ ಅವಳ ಮಡಿಲಲ್ಲಿಟ್ಟು, ಬಾದಾಮಿಯ ಬಸ್ಸು ಹತ್ತಿಸಿದ್ದ. "ಸ್ವಲ್ಪ ಹೊಂದಿಕೊಂಡು ಹೋಗು" ಎಂದೂ ಹೇಳಿದ್ದ. ಬಸ್ಸು ಹೊರಟಾಗ ಅವಳು ಕೈ ಬೀಸಲಿಲ್ಲ. ಕಿಟಕಿಯ ಕಂಬಿ ಹಿಡಿದಿದ್ದಳು, ತೋಳು ನೆಟ್ಟಗೆ, ನೋವಾಗದಂತೆ.

ಆರನೆಯ ಸರದಿಯೋ ಏಳನೆಯದೋ. ಎಣಿಕೆ ಎಲ್ಲಿಯೋ ಕಳೆದುಹೋಗಿ ಮತ್ತೆ ಸಿಕ್ಕಿತು. ಗೋಡೆಯಾಚೆ ಹಲಗೆ ಬಿರುಸಾಗಿ ಬಡಿಯುತ್ತಿತ್ತು, ಲಾಳಿ ಒಂದು ಬದಿಗೆ ಹೋಗಿ ಮುಟ್ಟುವ ಮೊದಲೇ ವಾಪಸು ಎಳೆದಂತೆ. ಕೊನೆಯ ನಲವತ್ತು ಎಣಿಸಿ ಮುಗಿಸಿದಾಗ ಬೆನ್ನೆಲ್ಲ ಬೆವರಿತ್ತು. ಡಬ್ಬಿಯ ಬಾಯಿಯ ಸಣ್ಣ ಮುಚ್ಚಳ ತೆಗೆದು, ಔಷಧ ಚೆಲ್ಲಲು ಮೋರಿಯ ಕಡೆ ವಾಲಿಸಿದ.

"ಚೆಲ್ಲಬ್ಯಾಡ" ಎಂದಳು ಚೇತನಾ.

ಬಾಗಿಲು ತೆರೆದು ನಿಂತಿದ್ದಳು. ಅವನು ತಲೆಯೆತ್ತಲಿಲ್ಲ. "ಆತು. ಎಂಟ ನಿಮಿಷ ಆತು" ಎಂದ.

"ಆಗಿಲ್ಲ. ಐದೂವರಿ ಆಗೇತಿ. ಅವ್ವ ಹೊಡಿಯೂದು ಕೇಳಸವಲ್ದೇನು ನಿನಗ?"

"ನಿನಗೇನ್ ಗೊತ್ತು? ಗಡಿಯಾರ ಹಿಡಕೊಂಡು ಕುಂತೀಯೇನು?" ಎಂದು ಅವನು ಗದರಿದ. ದನಿ ತನಗೇ ಅತಿಯಾಗಿ ಕೇಳಿಸಿತು.

"ಎಣಸೇನಿ. ಮಗ್ಗದ ಎಣಿಕಿ ಅಲ್ಲ, ನನ್ನ ಎಣಿಕಿ." ಅವಳು ಒಳಗೆ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಬಾದಾಮ್ಯಾಗ ಇದೊಂದ ಚೊಲೋತಂಗ ಕಲತೇನಿ. ಶುರು ಮಾಡಿದ್ರ ಎಷ್ಟಕ್ಕ ನಿಲ್ಲಸ್ತಾನ ಅಂತ ಎಣಸ್ತಿದ್ನಿ. ಎದುರಿಗೆ ಗಡಿಯಾರ ಇರ್ತಿತ್ತು. ಮುಳ್ಳಿನ ಕೂಡ ಎಣಸಿ ಎಣಸಿ ಈಗ ತಪ್ಪಂಗಿಲ್ಲ. ಕೊಡು ಇತ್ತ."

ಅವನು ಕೊಡಲಿಲ್ಲ. ಅವಳು ಅವನ ಬೆರಳುಗಳನ್ನು ಬಿಡಿಸಿ ಡಬ್ಬಿ ತೆಗೆದುಕೊಂಡಳು. ಸಣ್ಣ ಮುಚ್ಚಳ ಒತ್ತಿ, ಬೋರಲು ಹಾಕಿದಳು, ನೆಟ್ಟಗಿಟ್ಟಳು. ಮೆತ್ತಗೆ, ಅವಸರವಿಲ್ಲದೆ, ನಾಲ್ಕು ಸಲ. ನಂತರ ಕಲ್ಲಿನ ಮೇಲಿಟ್ಟು ಕೈ ತೆಗೆದು, ತುಟಿ ಅಲುಗದಂತೆ ಎಣಿಸುತ್ತ ಕೂತಳು. ಅವಳಿಗೂ ಸಿಟ್ಟಿತ್ತು. ದವಡೆಯ ಪಕ್ಕ ಒಂದು ನರ ಎದ್ದು ಕಾಣುತ್ತಿತ್ತು. ಆದರೆ ಅದು ಕೈಗೆ ಇಳಿದಿರಲಿಲ್ಲ. ಅವನಿಗೆ ಅವಳನ್ನು ನೋಡಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಬಿಸಿಲಿಗೆ ಕಾದ ತಗಡಿನ ಬಾಗಿಲ ವಾಸನೆ, ಔಷಧದ ವಾಸನೆ, ಅವಳ ಬೆನ್ನಿಂದ ಕೊಬ್ಬರಿ ಎಣ್ಣೆಯ ವಾಸನೆ.

ಇನ್ನೊಮ್ಮೆ ತಿರುಗಿಸಿದ ಮೇಲೆ ಅವಳು ಕೇಳಿದಳು: "ಮಗ್ಗ ಜೋರ ನಡದದ್ದು ನಿನಗ ಖರೇನ ಗೊತ್ತಾಗ್ಲಿಲ್ಲ?"

ಗೊತ್ತಾಗಲಿಲ್ಲ ಎನ್ನಲು ಬಾಯಿ ತೆರೆದ.  ಅವಳು ಉತ್ತರಕ್ಕೆ ಕಾಯಲಿಲ್ಲ, ಎಣಿಕೆಗೆ ಮರಳಿದಳು. ಎಂಟಾಯಿತೆಂದು ತಾನೇ ನಿರ್ಧರಿಸಿ ಔಷಧ ಚೆಲ್ಲಿ, ನೀರು ಹಾಕಿ ಚೆಲ್ಲಿ, ಚಿತ್ರ ನಿಲ್ಲಿಸುವ ಹೈಪೊ ಸುರಿದಳು. ಅವನು ಬಾಟಲಿಗಳನ್ನು ಎತ್ತಿ ಕೊಡುವವನಾದ.

ಹೊರತೆಗೆದ ಫಿಲ್ಮನ್ನು ತೊಳೆದು, ಬಟ್ಟೆ ಹಾಕುವ ಹಗ್ಗಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಿ, ಕೆಳತುದಿಗೆ ಇನ್ನೊಂದು ಕ್ಲಿಪ್ಪಿನ ಭಾರ ಕಟ್ಟಿದರು. ಅವನು ಬೆಳಕಿಗೆ ಕಣ್ಣಿಟ್ಟು ನೋಡಿದ. ನೆಗೆಟಿವ್ವಿನಲ್ಲಿ ಎಲ್ಲವೂ ತಲೆಕೆಳಗು: ತಂಗಿಯ ಬೆನ್ನು ಕರ್ರಗೆ, ಅದರ ಮೇಲೆ ಬಾಸುಂಡೆಗಳು ತೆಳ್ಳಗೆ, ತಿಳಿಯಾಗಿ, ಒಂದರ ಮೇಲೊಂದು ಹಾಯ್ದು ಹೋದ ಗೆರೆಗಳು. ಬೆಲ್ಟಿನ ಬಕ್ಕಲಿನ ಚೌಕ ಎರಡು ಕಡೆ ಸ್ಪಷ್ಟವಾಗಿ ಎದ್ದಿತ್ತು. ಗಜಕಡ್ಡಿಯ ಗೀಟುಗಳನ್ನು ಎಣಿಸಬಹುದಿತ್ತು. ಎಂಟಕ್ಕೆ ಎಂಟೂ ಮೂಡಿದ್ದವು. ಅವನ ಎದೆಯೊಳಗೆ ಏನೋ ಕುಸಿಯಿತು. ಅದು ಸಮಾಧಾನವಲ್ಲ, ನಿರಾಸೆ ಎಂದು ತಿಳಿದಾಗ, ತನ್ನ ಮುಖಕ್ಕೆ ತಾನೇ ಉಗುಳಿಕೊಳ್ಳಬೇಕೆನಿಸಿತು.

ಗುರಲಿಂಗಪ್ಪ ಹೇಳಿದ ಹೊತ್ತಿಗೇ ಬಂದ. ಸಂಗಡ ಬಾದಾಮಿಯವನ ಕಾಕಾ, ಬೆಳ್ಳಗಿನ ಧೋತರ, ಎಲೆ ಅಡಿಕೆಯ ಬಾಯಿ. ರತ್ನವ್ವ ಮಗ್ಗ ನಿಲ್ಲಿಸಿ, ಸೆರಗು ಹೊದ್ದು ಚಹಾ ಕಾಸಿ ತಂದು, ಒಳಬಾಗಿಲಲ್ಲಿ ನಿಂತಳು. ಗುರಲಿಂಗಪ್ಪ ಮಳೆ, ನೂಲಿನ ಧಾರಣೆ, ತನ್ನ ಮೊಣಕಾಲು ಎಲ್ಲ ಮಾತಾಡಿ ಮುಗಿಸಿ, ಈಗಷ್ಟೇ ನೆನಪಾದಂತೆ ಹೇಳಿದ: "ಗಂಡ ಹೆಂಡ್ತಿ ಅಂದ ಮ್ಯಾಲ ಇದ್ದದ್ದ. ಹುಡುಗ ಸಿಟ್ಟಿನ್ಯಾಗ ಒಂದೆರಡ ಬಿಟ್ಟಾನ. ಇನ್ನ ಮ್ಯಾಲ ಆಗಂಗಿಲ್ಲ ಅಂತ ಇವರು ಮಾತ ಕೊಡ್ತಾರ. ನಾಳೆ ಮುಂಜಾನಿ ಕಳಿಸಿಬಿಡ್ರಿ, ಮುಗೀತು."

ಒಂದೆರಡು. ರಾಜಕುಮಾರನ ತಲೆಗೆ ರಕ್ತ ನುಗ್ಗಿತು. ಎದ್ದು ನಿಂತ. "ಒಂದೆರಡೇನು? ತೋರಸ್ತೇನಿ, ತಡೀರಿ. ಕಣ್ಣ ತೆರದ ನೋಡ್ರಿ, ನಿಮ್ಮ ಹುಡುಗನ ಕೆಲಸಾ" ಎನ್ನುತ್ತ ಹಿತ್ತಿಲಿನ ಕಡೆ ಎರಡು ಹೆಜ್ಜೆ ಹಾಕಿಯೂಬಿಟ್ಟ. ಹಗ್ಗದಿಂದ ಫಿಲ್ಮು ಕಿತ್ತು ತಂದು ಆ ಇಬ್ಬರ ಮುಖಕ್ಕೆ ಹಿಡಿಯಬೇಕು, ಎಲೆ ಅಡಿಕೆಯ ಬಾಯಿಗೆ ತುರುಕಬೇಕು. ಇಂಥ ಸಿಟ್ಟು ಎಷ್ಟು ಹಿತವಾಗಿರುತ್ತದೆ.

"ಕೂಡು" ಎಂದಳು ಚೇತನಾ. ಕಂಬದ ಬಳಿ ನಿಂತಿದ್ದಳು. "ಅದು ಇನ್ನೂ ಹಸಿ ಐತಿ, ಮುಟ್ಟಿದ್ರ ಗೀರ ಬೀಳ್ತಾವ. ಮತ್ತ ಅದು ನನ್ನ ಬೆನ್ನು. ಇವರಿಗ್ಯಾಕ ತೋರಸ್ತಿ?"

ಅವನು ನಿಂತಲ್ಲೇ ನಿಂತ. ತಾನು ಕ್ಷಣದ ಹಿಂದೆ ಮಾಡಲು ಹೊರಟದ್ದು ಏನು ಎಂದು ಅರ್ಥವಾಯಿತು. ಬಂದು ಕೂತ.

ಬಾದಾಮಿಯ ಕಾಕಾ ಬಾಯಿಯಲ್ಲಿದ್ದುದನ್ನು ಒಂದು ಬದಿಗೆ ಸರಿಸಿಕೊಂಡ. "ಕೋರ್ಟು ಗೀರ್ಟು ಅನ್ನಾಕತ್ತೀರಿ ಅಂತ ಕೇಳೇನಿ. ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಒಂದ ಮಾತ ಕೇಳ್ತೇನಿ. ಮೂರ ವರ್ಷ ಸಂಸಾರ ಮಾಡ್ಯಾಳ. ಇದಕ್ಕಿಂತ ಮೊದಲ ಒಂದ ದಿನರ ನಿಮ್ಮ ಮನ್ಯಾಗಿಂದ ನಮಗ ದೂರು ಬಂದಿತ್ತೇನು? ಹೋದ ವರ್ಷ ಬಂದಾಗ ಕರದಂಟು ಕೊಟ್ಟ ಕಳಿಸೀರಿ. ನಾನೂ ತಿಂದೇನಿ. ಹೊಡಿಯೂ ಗಂಡಗ ಯಾರರ ಕರದಂಟು ಕಳಸ್ತಾರೇನ್ರಿ?"

ಗುರಲಿಂಗಪ್ಪ ನಕ್ಕ. ನಕ್ಕು ರಾಜಕುಮಾರನ ಕಡೆ ತಿರುಗಿದ. "ಹೇಳಪಾ. ಹೋದ ವರ್ಷ ಏನರ ಇತ್ತೇನು? ನಾವೆಲ್ಲಾ ಇದ್ವಿ. ಏನೂ ಇದ್ದಿಲ್ಲ, ಹೌದಲ್ಲೋ?" ದಾರಿ ಎಷ್ಟು ಅಗಲ ಮಾಡಿ ಕೊಟ್ಟಿದ್ದ ಮಾವ. ಏನೂ ಇರಲಿಲ್ಲ ಎಂದರೆ ಆಯಿತು. ಇವತ್ತಿನದು ಮೊದಲನೆಯ ಸಲದ ತಪ್ಪಾಗುತ್ತದೆ, ಮೊದಲನೆಯ ತಪ್ಪಿಗೆ ಮಾತು ಕೊಟ್ಟರೆ ಸಾಕಾಗುತ್ತದೆ. ಹಗ್ಗಕ್ಕೆ ತೂಗುವ ಎಂಟು ಚಿತ್ರಗಳು ಎಂಟು ಚಿತ್ರಗಳಾಗಿಯೇ ಉಳಿಯುತ್ತವೆ. ರಾಜಕುಮಾರ ಸಿಟ್ಟಿಗಾಗಿ ಒಳಗೆಲ್ಲ ತಡಕಾಡಿದ. ಬೆಳಗಿನಿಂದ ಮೈತುಂಬ ಉರಿಯುತ್ತಿದ್ದ ಸಿಟ್ಟು ಈಗ ಬೇಕೆಂದಾಗ ಒಂದು ಕಿಡಿಯೂ ಸಿಗಲಿಲ್ಲ. ಅದರ ಕೆಳಗೆ ಇದ್ದದ್ದು ನಾಚಿಕೆ ಒಂದೇ, ಅದು ಯಾರ ಮೇಲೂ ಎಸೆಯಲು ಬರುವಂಥದ್ದಲ್ಲ. ಅವ್ವ ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಚೇತನಾ ಅವನನ್ನು ನೋಡುತ್ತಿರಲಿಲ್ಲ. ಎದುರಿನ ಗೋಡೆ ನೋಡುತ್ತಿದ್ದಳು, ತುಟಿ ಮುಚ್ಚಿ. ಎಣಿಸುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ಇತ್ತು" ಎಂದ. ಸ್ವರ 'ಇ'ಯಲ್ಲೇ ಒಡೆದು ಕೆಳಗಿಳಿಯಿತು. "ತೋಳಿನ ಮ್ಯಾಲಿತ್ತು. ತೋರಿಸಿದ್ಲು, ಫೋಟೋ ತಗೀ ಅಂದ್ಲು. ನೋಡೇನಿ. ನೋಡಿನ ಕಳಿಸೇನಿ."

ಗುರಲಿಂಗಪ್ಪ "ಏನಂದಿ?" ಎಂಬಂತೆ ಮುಂದಕ್ಕೆ ಬಾಗಿ, ಕೇಳಿಸಿದ್ದರಿಂದಲೇ ಹಿಂದೆ ಸರಿದ. ಕಾಕಾ ಬಾಯಿಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದ.  ಮುಗಿಯಿತು ಎಂದುಕೊಂಡು ರಾಜಕುಮಾರ ಉಸಿರು ಬಿಟ್ಟ, ತಂಗಿಯ ಕಡೆ ನೋಡಿದ. ಅವಳ ಮುಖ ಇದ್ದಂತೆಯೇ ಇತ್ತು, ಮೆತ್ತಗಾಗಿರಲಿಲ್ಲ.

"ಅವ್ವಗ ಕೇಳಿಸಿಲ್ಲ" ಎಂದಳು ಚೇತನಾ. "ಎದ್ದ ನಿಂತು ಇನ್ನೊಮ್ಮೆ ಹೇಳು. ಕಟಕಟ್ಯಾಗ ಹೆಂಗ ಹೇಳ್ತೀಯೋ ಹಂಗ."

ಅವನು ಎದ್ದು ನಿಂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಬದಿಗೆ ಬಿಟ್ಟ. ನಂತರ ಅವ್ವನ ಕಡೆ ತಿರುಗಿ, ಮೊದಲಿನಿಂದ ಹೇಳತೊಡಗಿದ.